ಶ್ರೀರಂಗಪಟ್ಟಣದ ಬ್ಯಾರನ್‌ಗಳು

ಇಂಗ್ಲೆಂಡಿನ ಕೆಂಟ್ ಸೀಮೆಯ ಹ್ಯಾರಿಸ್ ಮನೆತನದ ಲಾಂಛನದಲ್ಲಿ ಒಂದು ಹುಲಿಯಿದೆ. ಕೋಟೆಗೋಡೆಯ ಆಕಾರದ ಕಿರೀಟವೊಂದರ ಮೇಲೆ ಅದು ಹೆಜ್ಜೆ ಎತ್ತಿ ನಿಂತಿದೆ, ಮುಖ ನೋಡುವವರ ಕಡೆಗೆ ತಿರುಗಿದೆ. ತಲೆಯ ಮೇಲೆ ಪೂರ್ವದೇಶದ ಅರಸರು ತೊಡುವಂಥ ಮಕುಟ. ಎದೆಯಲ್ಲಿ ನಾಟಿದ ಬಾಣ, ಬಾಣದ ಬುಡದಲ್ಲಿ ರಕ್ತ. ಹಣೆಯ ಮೇಲೆ ಪರ್ಷಿಯನ್ ಲಿಪಿಯಲ್ಲಿ ಒಂದು ಹೆಸರು: ಹೈದರ್. ಹುಲಿ ಟಿಪ್ಪುವಿನದು, ಹೆಸರು ಅವನ ತಂದೆಯದು, ಬಾಣ ಮಾತ್ರ ಬ್ರಿಟಿಷರದು.

ಈ ಲಾಂಛನದ ಜೊತೆಗೆ ಒಂದು ಬಿರುದೂ ಇದೆ. 1815ರ ಆಗಸ್ಟ್ 11ರ ರಾಜಮುದ್ರೆಯ ಪತ್ರ ಜನರಲ್ ಜಾರ್ಜ್ ಹ್ಯಾರಿಸ್‌ನನ್ನು ಬ್ಯಾರನ್ ಮಾಡಿತು. ಯಾವ ಊರಿನ ಬ್ಯಾರನ್ ಎಂದು ಅದರಲ್ಲೇ ಬರೆದಿದೆ: ಶ್ರೀರಂಗಪಟ್ಟಣ ಮತ್ತು ಮೈಸೂರು, ಅದರ ಜೊತೆಗೆ ಕೆಂಟ್ ಕೌಂಟಿಯ ಬೆಲ್ಮಾಂಟ್. ಕಾವೇರಿಯ ನಡುವಿನ ನಮ್ಮ ದ್ವೀಪದ ಹೆಸರು ಹೀಗೆ ಇಂಗ್ಲೆಂಡಿನ ಒಂದು ಕುಟುಂಬದ ಪಿತ್ರಾರ್ಜಿತವಾಯಿತು. ಅಂದಿನಿಂದ ಇಂದಿನವರೆಗೆ ಎಂಟು ಜನರ ಕೈಗೆ ಅದು ಬಂದಿದೆ. ಶ್ರೀರಂಗಪಟ್ಟಣಕ್ಕೆ ಹೋಗಿಬರುವವರಲ್ಲಿ ಇದನ್ನು ಬಲ್ಲವರು ಬಹಳ ಕಡಿಮೆ. ಬಲ್ಲವರೂ ಅದನ್ನು ಯುದ್ಧದ ಕಥೆಯ ಕೊನೆಯ ಸಾಲಾಗಿ ಹೇಳಿ ಮುಗಿಸುತ್ತಾರೆ. ನನಗೆ ಕಥೆ ಅಲ್ಲಿಂದಲೇ ಶುರುವಾಗುತ್ತದೆ ಅನ್ನಿಸುತ್ತದೆ. ಒಂದು ದಿನದ ಗೆಲುವು ಇನ್ನೂರು ವರ್ಷ ತಂದೆಯಿಂದ ಮಗನಿಗೆ ಇಳಿಯುತ್ತ ಹೋಗುವುದು ಹೇಗೆ, ಹಾಗೆ ಇಳಿಯುವಾಗ ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಹೊರಗೆ ಇಡುತ್ತದೆ ಎನ್ನುವುದು ಕೋಟೆ ಒಡೆದದ್ದಕ್ಕಿಂತ ಸಣ್ಣ ವಿಷಯವಲ್ಲ.

ಜಾರ್ಜ್ ಹ್ಯಾರಿಸ್ ದೊಡ್ಡ ಮನೆತನದವನಲ್ಲ. ಕೆಂಟಿನ ಬ್ರಾಸ್ಟೆಡ್ ಎಂಬ ಹಳ್ಳಿಯ ಚರ್ಚಿನಲ್ಲಿ ಸಹಾಯಕ ಪಾದ್ರಿಯಾಗಿದ್ದವನ ಮಗ, ಹುಟ್ಟಿದ್ದು 1746ರಲ್ಲಿ. ಸೈನ್ಯ ಸೇರಿ ಅಮೆರಿಕಕ್ಕೆ ಹೋದ. 1775ರ ಬಂಕರ್ ಹಿಲ್ ಕಾಳಗದಲ್ಲಿ ತಲೆಗೆ ಗುಂಡು ಬಿದ್ದು, ತಲೆಬುರುಡೆ ಕೊರೆದು ಚಿಕಿತ್ಸೆ ಮಾಡಬೇಕಾಯಿತು. ಅಲ್ಲಿಂದ ಬದುಕಿ ಬಂದವನು ಮುಂದೆ ಮೂರನೆಯ ಮೈಸೂರು ಯುದ್ಧದಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಜೊತೆಗಿದ್ದ. 1799ರಲ್ಲಿ, ಟಿಪ್ಪುವಿನ ವಿರುದ್ಧದ ಕೊನೆಯ ಯುದ್ಧದಲ್ಲಿ, ಮದರಾಸಿನ ದಂಡಿಗೆ ಆತನೇ ಮುಖ್ಯಸ್ಥ. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾಳಗ. ಏಪ್ರಿಲ್ ಮೊದಲ ವಾರಕ್ಕೆ ದಂಡು ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟಿತ್ತು. ದವಸ ತೀರುತ್ತ ಬಂದಿತ್ತು. ಕಾವೇರಿ ತುಂಬಿ ಹರಿಯುವ ಮುಂಚೆ ಕೋಟೆ ಬೀಳದಿದ್ದರೆ ದಂಡೇ ಉಪವಾಸ ಬೀಳುವ ಸ್ಥಿತಿ. ಮೇ 4ರ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ, ಆತನ ಕೈಕೆಳಗಿನ ಸೇನಾನಿ ಡೇವಿಡ್ ಬೇರ್ಡ್ ಸೈನಿಕರನ್ನು ನದಿ ದಾಟಿಸಿದ. ಸಂಜೆಯ ಹೊತ್ತಿಗೆ ಟಿಪ್ಪು ಸತ್ತಿದ್ದ. ಆ ರಾತ್ರಿ ಊರು ಲೂಟಿಯಾಯಿತು. ಮರುದಿನ ಆರ್ಥರ್ ವೆಲ್ಲೆಸ್ಲಿ ಲೂಟಿಕೋರರಲ್ಲಿ ಕೆಲವರನ್ನು ಗಲ್ಲಿಗೇರಿಸಿದ ಮೇಲೆಯೇ ಅದು ನಿಂತದ್ದು.

ಆಮೇಲೆ ಹಂಚಿಕೆ. ಯುದ್ಧದಲ್ಲಿ ಸಿಕ್ಕಿದ ಸಂಪತ್ತನ್ನು ದರ್ಜೆಯ ಪ್ರಕಾರ ಹಂಚುವುದು ಆ ಕಾಲದ ರೂಢಿ. ಹ್ಯಾರಿಸ್‌ಗೆ ಬಂದದ್ದು ಎಂಟನೆಯ ಒಂದು ಪಾಲು, ಸುಮಾರು 1,43,000 ಪೌಂಡ್. ಸಾಮಾನ್ಯ ಬಿಳಿಯ ಸೈನಿಕನಿಗೆ ಸಿಕ್ಕಿದ್ದು 7 ಪೌಂಡಿನಷ್ಟು, ದೇಶಿ ಸಿಪಾಯಿಗೆ 5. ಹ್ಯಾರಿಸ್ ತೆಗೆದುಕೊಂಡದ್ದು ಹೆಚ್ಚಾಯಿತೆಂದು ಈಸ್ಟ್ ಇಂಡಿಯಾ ಕಂಪನಿಯೇ ತಕರಾರು ಎತ್ತಿತು. ವ್ಯಾಜ್ಯ ಪ್ರೀವಿ ಕೌನ್ಸಿಲ್‌ವರೆಗೆ ಹೋಗಿ ಕೊನೆಗೆ ಆತನ ಪರವಾಗಿ ತೀರ್ಮಾನವಾಯಿತು. ಆ ದುಡ್ಡಿನಲ್ಲೇ 1801ರಲ್ಲಿ ಕೆಂಟಿನ ಫೇವರ್‌ಶಮ್ ಪಟ್ಟಣದ ಹತ್ತಿರದ ಬೆಲ್ಮಾಂಟ್ ಎಂಬ ಮನೆ ಮತ್ತು ಜಮೀನನ್ನು ಕೊಂಡ. ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ವ್ಯಾಟ್ ರೂಪಿಸಿದ ಚೆಲುವಾದ ಮನೆ ಅದು. ಮನೆ ಬೇಗ ಸಿಕ್ಕಿತು, ಬಿರುದು ಬರಲು ಹದಿನಾರು ವರ್ಷ ಹಿಡಿಯಿತು. ಯುದ್ಧದಿಂದ ಬಂದಾಗ ಐರ್ಲೆಂಡಿನ ಶ್ರೇಣಿಯ ಬಿರುದೊಂದನ್ನು ಕೊಡಲು ಮುಂದಾದರು. ಅದರ ತೂಕ ಕಡಿಮೆ, ಲಾರ್ಡ್ಸ್ ಸಭೆಯಲ್ಲಿ ಕೂರುವ ಹಕ್ಕು ಅದಕ್ಕೆ ತಾನಾಗಿ ಬರುತ್ತಿರಲಿಲ್ಲ. ಹ್ಯಾರಿಸ್ ಬೇಡವೆಂದ. ವಾಟರ್ಲೂ ಗೆಲುವಿನ ವರ್ಷ, ಬ್ರಿಟನ್ ತನ್ನ ಸೇನಾನಿಗಳನ್ನು ಧಾರಾಳವಾಗಿ ಸನ್ಮಾನಿಸುತ್ತಿದ್ದಾಗ, ಅಂತೂ ಬೇಕಾದ ಬಿರುದು ಬಂತು.

ಇಂಥ ಬಿರುದು ಆಸ್ತಿಯಂತೆ ಕಂಡರೂ ಆಸ್ತಿಯಲ್ಲ. ಮಾರುವಂತಿಲ್ಲ, ಉಯಿಲು ಬರೆದು ಬೇಕಾದವರಿಗೆ ಕೊಡುವಂತಿಲ್ಲ, ಮಕ್ಕಳಿಗೆ ಪಾಲು ಮಾಡುವಂತಿಲ್ಲ. ಯಾರಿಗೆ ಹೋಗಬೇಕೆಂದು ಮೊದಲ ದಿನದ ರಾಜಪತ್ರವೇ ಹೇಳಿರುತ್ತದೆ, ಆಮೇಲೆ ಅದನ್ನು ತಿದ್ದುವ ಅಧಿಕಾರ ಬಿರುದು ಹೊತ್ತವನಿಗೂ ಇಲ್ಲ. ಹ್ಯಾರಿಸ್‌ನ ಬಿರುದಿನಂತೆ ಬಹುತೇಕ ಬಿರುದುಗಳ ಷರತ್ತು ಒಂದೇ: ಮೊದಲು ಪಡೆದವನ ಒಡಲಿನಿಂದ ಸಕ್ರಮ ವಿವಾಹದಲ್ಲಿ ಹುಟ್ಟಿದ ಗಂಡು ಸಂತಾನ, ಹಿರಿಯನಿಂದ ಕಿರಿಯನ ಕಡೆಗೆ. ಮಗನಿಲ್ಲದಿದ್ದರೆ ತಮ್ಮ, ತಮ್ಮನೂ ಇಲ್ಲದಿದ್ದರೆ ದಾಯಾದಿ. ಆದರೆ ಎಳೆ ಎಲ್ಲೆಲ್ಲಿ ಸುತ್ತಿದರೂ ಮೊದಲಿನವನವರೆಗೆ ಗಂಡಸರ ಮೂಲಕವೇ ಹೋಗಬೇಕು. ನಡುವೆ ಒಬ್ಬ ಹೆಣ್ಣು ಬಂದರೆ ಎಳೆ ಅಲ್ಲಿಗೆ ತುಂಡು. ನಮ್ಮ ಹಳ್ಳಿಗಳ ಪಟೇಲಿಕೆ, ಶಾನುಭೋಗಿಕೆಗಳೂ ಹೀಗೆಯೇ ವಂಶದಲ್ಲಿ ಇಳಿದು ಬರುತ್ತಿದ್ದವು. 1961ರ ಕಾಯ್ದೆಯಿಂದ ನಾವು ಅವನ್ನು ತೆಗೆದುಹಾಕಿದೆವು. ಇಂಗ್ಲೆಂಡ್ ತನ್ನದನ್ನು ಇಟ್ಟುಕೊಂಡಿತು.

ಈ ಷರತ್ತು ಎಷ್ಟು ಗಡುಸು ಎಂಬುದು ಶ್ರೀರಂಗಪಟ್ಟಣದಿಂದಲೇ ಬಿರುದು ಗಳಿಸಿದ ಇನ್ನಿಬ್ಬರ ಮನೆಗಳನ್ನು ನೋಡಿದರೆ ತಿಳಿಯುತ್ತದೆ. 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡು ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಕಾರ್ನ್‌ವಾಲಿಸ್‌ಗೆ ಅದೇ ವರ್ಷ ಮಾರ್ಕ್ವೆಸ್ ಪದವಿ ಬಂತು. 1805ರಲ್ಲಿ ಆತ ಗಾಜೀಪುರದಲ್ಲಿ ಸತ್ತ, ಪದವಿ ಒಬ್ಬನೇ ಮಗನಿಗೆ ಹೋಯಿತು. ಆ ಮಗನಿಗೆ ಐವರು ಹೆಣ್ಣುಮಕ್ಕಳು, ಗಂಡುಮಗುವಿಲ್ಲ. 1823ರಲ್ಲಿ ಆತ ತೀರಿಕೊಂಡಾಗ ಮಾರ್ಕ್ವೆಸ್ ಪದವಿಯೂ ತೀರಿತು. ಐವರು ಮೊಮ್ಮಕ್ಕಳು ಬದುಕಿದ್ದರೂ ಕಾರ್ನ್‌ವಾಲಿಸ್ ಗಳಿಸಿದ್ದಕ್ಕೆ ವಾರಸುದಾರರಿಲ್ಲ ಎಂದಾಯಿತು. ಅದೇ ಮನೆತನದ ಅರ್ಲ್ ಪದವಿ ಮಾತ್ರ ಉಳಿಯಿತು. ಅದು ಕಾರ್ನ್‌ವಾಲಿಸ್‌ನ ತಂದೆಗೆ ಬಂದ ಪದವಿಯಾದ್ದರಿಂದ ತಂದೆಯ ಇನ್ನೊಬ್ಬ ಮಗ, ಬಿಷಪ್ ಆಗಿದ್ದ ಮುದುಕ ಚಿಕ್ಕಪ್ಪನಿಗೆ ಹೋಯಿತು. ಆ ಬಿಷಪ್ ಮರುವರ್ಷವೇ ಸತ್ತ. ಆತನ ಮಗನೊಂದಿಗೆ 1852ರಲ್ಲಿ ಅದೂ ಅಳಿಯಿತು.

ಇನ್ನೊಬ್ಬ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ. 1799ರ ಯುದ್ಧವನ್ನು ಬೇಕೆಂದೇ ತಂದವನು. ಆ ವರ್ಷದ ಡಿಸೆಂಬರಿನಲ್ಲಿ ಐರ್ಲೆಂಡಿನ ಮಾರ್ಕ್ವೆಸ್ ಪದವಿ ಸಿಕ್ಕಿತು. ಇಂಗ್ಲೆಂಡಿನ ಪದವಿಯೇ ಬೇಕಿದ್ದ ಆತನಿಗೆ ಅದು ಸಾಲಲಿಲ್ಲ, ಬಹುಕಾಲ ಆ ಕಹಿ ಉಳಿಯಿತು. ಆತನಿಗೆ ಗಂಡುಮಕ್ಕಳಿದ್ದರು. ಆದರೆ ಹಯಸಿಂತ್ ರೋಲಾಂ ಎಂಬ ಫ್ರೆಂಚ್ ಹೆಣ್ಣಿನ ಜೊತೆಗಿನ ಮದುವೆ ನಡೆದದ್ದು 1794ರಲ್ಲಿ, ಐದು ಮಕ್ಕಳೂ ಹುಟ್ಟಿದ ಮೇಲೆ. ತಂದೆತಾಯಿ ಆಮೇಲೆ ಮದುವೆಯಾದರು ಎನ್ನುವುದು ಬಿರುದಿನ ಲೆಕ್ಕದಲ್ಲಿ ಯಾವ ಬದಲಾವಣೆಯನ್ನೂ ಮಾಡದು. 1842ರಲ್ಲಿ ವೆಲ್ಲೆಸ್ಲಿಯ ಜೊತೆಗೆ ಮಾರ್ಕ್ವೆಸ್ ಪದವಿಯೂ ಮಣ್ಣಾಯಿತು. ತಂದೆಯಿಂದ ಬಂದಿದ್ದ ಮಾರ್ನಿಂಗ್ಟನ್ ಅರ್ಲ್ ಪದವಿ ತಮ್ಮನ ಮನೆಗೆ ಹೋಗಿ, 1863ರಲ್ಲಿ ಇನ್ನೊಬ್ಬ ತಮ್ಮ ಆರ್ಥರ್‌ನ ಸಂತತಿಯಾದ ವೆಲಿಂಗ್ಟನ್ ಡ್ಯೂಕರಲ್ಲಿ ಸೇರಿಕೊಂಡಿತು.

ಒಬ್ಬನದು ಹೆಣ್ಣುಮಕ್ಕಳಿಂದ ನಿಂತಿತು, ಇನ್ನೊಬ್ಬನದು ಮದುವೆಯ ತಾರೀಖಿನಿಂದ. ಗವರ್ನರ್ ಜನರಲ್‌ಗಳ ಬಿರುದುಗಳು ಹೀಗೆ ಅಳಿದಾಗ, ಪಾದ್ರಿಯ ಮಗನ ಕೆಳದರ್ಜೆಯ ಬ್ಯಾರನ್ ಪದವಿ ಮುಂದುವರಿಯಿತು.

ಎರಡನೆಯ ಬ್ಯಾರನ್ ವಿಲಿಯಂ ಜಾರ್ಜ್ ತಂದೆಯ ಜೊತೆ ಶ್ರೀರಂಗಪಟ್ಟಣದಲ್ಲಿದ್ದವನು. ಆಗ ಹದಿನೇಳರ ಹುಡುಗ. ಗೆದ್ದ ಬಾವುಟಗಳನ್ನು ಇಂಗ್ಲೆಂಡಿಗೆ ಒಯ್ದು ಮೂರನೆಯ ಜಾರ್ಜ್ ದೊರೆಗೆ ಒಪ್ಪಿಸಿದ್ದು ಆತನೇ. ಮುಂದೆ ವಾಟರ್ಲೂದಲ್ಲಿ 73ನೆಯ ರೆಜಿಮೆಂಟಿನ ದಳವನ್ನು ನಡೆಸಿ ಗಾಯಗೊಂಡ. 1829ರಲ್ಲಿ ಮುದಿ ಜನರಲ್ ಬೆಲ್ಮಾಂಟಿನಲ್ಲಿ ತೀರಿಕೊಂಡು ಪಕ್ಕದ ಥ್ರೌಲಿಯ ಚರ್ಚಿನಲ್ಲಿ ಮಣ್ಣಾದಾಗ, ಬಿರುದು ಬಂದದ್ದು ಆ ಗೆಲುವನ್ನು ಕಣ್ಣಾರೆ ಕಂಡ ಮಗನಿಗೆ. ಶ್ರೀರಂಗಪಟ್ಟಣದ ಕಾಳಗವನ್ನು ನೋಡಿ ಬಿರುದು ಪಡೆದದ್ದು ಇವರಿಬ್ಬರೇ ತಂದೆ ಮಗ. ಮುಂದಿನವರಿಗೆಲ್ಲ ಅದು ಮನೆಯಲ್ಲಿ ಕೇಳಿದ ಮಾತು.

ಮೂರನೆಯವನು ಟ್ರಿನಿಡಾಡ್‌ನ ಗವರ್ನರ್, ಆಮೇಲೆ 1854ರಿಂದ 1859ರವರೆಗೆ ಮದರಾಸಿನ ಗವರ್ನರ್. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರ ಜುಲೈ 1ರಂದು ರಾಯಪುರಂನಿಂದ ಹೊರಟದ್ದು ಆತನ ಆಡಳಿತದಲ್ಲಿ. ಅಜ್ಜ ದಂಡಿನ ಮುಖ್ಯಸ್ಥನಾಗಿದ್ದ ಊರಿಗೆ ಮೊಮ್ಮಗ ಗವರ್ನರ್ ಆಗಿ ಬಂದಿದ್ದ. ಹೆಂಡತಿ 1853ರಲ್ಲೇ ತೀರಿಕೊಂಡಿದ್ದಳು, ಮಗನಿಗೆ ಆಗ ಎರಡೇ ವರ್ಷ.

ಆ ಮಗನೇ ನಾಲ್ಕನೆಯ ಲಾರ್ಡ್ ಹ್ಯಾರಿಸ್, ಕ್ರಿಕೆಟ್ ಬಲ್ಲವರಿಗೆಲ್ಲ ಗೊತ್ತಿರುವ ಹೆಸರು. 1851ರಲ್ಲಿ ಟ್ರಿನಿಡಾಡ್‌ನಲ್ಲಿ ಹುಟ್ಟಿದ. 1872ರಲ್ಲಿ ತಂದೆ ತೀರಿಕೊಂಡಾಗ ಇಪ್ಪತ್ತೊಂದರಲ್ಲೇ ಬ್ಯಾರನ್ ಆದ. ಇಂಗ್ಲೆಂಡ್ ತಂಡದ ನಾಯಕ, 1890ರಿಂದ 1895ರವರೆಗೆ ಬೊಂಬಾಯಿಯ ಗವರ್ನರ್, ಆಮೇಲೆ ದಶಕಗಟ್ಟಲೆ ಎಂಸಿಸಿಯಲ್ಲಿ ಆತನದೇ ಮಾತು. ಬೊಂಬಾಯಿಯ ಶಾಲೆಗಳ ಹ್ಯಾರಿಸ್ ಶೀಲ್ಡ್ ಪಂದ್ಯಾವಳಿ ಆತನ ಹೆಸರಿನದು. 1988ರಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ 664 ಓಟಗಳ ಜೊತೆಯಾಟ ಆಡಿದ್ದು ಅದೇ ಶೀಲ್ಡಿನ ಸೆಮಿಫೈನಲ್ಲಿನಲ್ಲಿ. ನಾವು ಎಷ್ಟೋ ಸಲ ಉಚ್ಚರಿಸಿದ ಆ ಹೆಸರಿನ ಹಿಂದೆ ಶ್ರೀರಂಗಪಟ್ಟಣದ ಬಿರುದು ಇದೆಯೆಂಬುದು ನಮಗೆ ಹೊಳೆದಿರಲಿಲ್ಲ.

ಈ ಮನುಷ್ಯನ ಬಳಿ ಸ್ವಲ್ಪ ನಿಲ್ಲಬೇಕು. ಹುಟ್ಟು ಎನ್ನುವುದು ಆತನಿಗೆ ದೊಡ್ಡ ಅರ್ಹತೆಯಾಗಿತ್ತು. ಯಾರು ಯಾವ ಕೌಂಟಿಗೆ ಆಡಬೇಕೆನ್ನುವುದನ್ನು ಹುಟ್ಟೂರು ಇಲ್ಲವೇ ವಾಸದ ಊರೇ ತೀರ್ಮಾನಿಸಬೇಕೆಂದು ಹಟ ಹಿಡಿದ. 1922ರಲ್ಲಿ ಗ್ಲಾಸ್ಟರ್‌ಶೈರ್‌ಗೆ ಆಡತೊಡಗಿದ್ದ ವಾಲಿ ಹ್ಯಾಮಂಡ್ ಎಂಬ ಹುಡುಗ ಹುಟ್ಟಿದ್ದು ಕೆಂಟಿನ ಡೋವರಿನಲ್ಲಿ ಎಂದು ಪತ್ತೆಯಾದಾಗ, ಆತ ಆಡದಂತೆ ತಡೆದ. ಆ ಹುಡುಗ ಮುಂದೆ ಇಂಗ್ಲೆಂಡಿನ ಅತಿ ದೊಡ್ಡ ಬ್ಯಾಟುಗಾರರಲ್ಲಿ ಒಬ್ಬನಾದ. 1911ರಲ್ಲಿ ಭಾರತದ ತಂಡ ಮೊದಲ ಸಲ ಇಂಗ್ಲೆಂಡಿಗೆ ಹೋದಾಗ, ಅರವತ್ತು ವರ್ಷದ ಲಾರ್ಡ್ ಹ್ಯಾರಿಸ್ ಕೆಂಟಿನ ಪರವಾಗಿ ಅದರ ವಿರುದ್ಧ ಆಡಿದ. ಆ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವನು ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಳೂ. ಚಮ್ಮಾರರ ಮನೆಯಲ್ಲಿ ಹುಟ್ಟಿದ್ದಕ್ಕಾಗಿ ಪುಣೆಯ ಮೈದಾನದಲ್ಲಿ ಸವರ್ಣ ಆಟಗಾರರಿಂದ ದೂರ ಕೂತು, ಬೇರೆ ಪಾತ್ರೆಯಲ್ಲಿ ಚಹಾ ಕುಡಿಯಬೇಕಾದವನು. ಒಬ್ಬನನ್ನು ಹುಟ್ಟು ಇಪ್ಪತ್ತೊಂದಕ್ಕೆ ಲಾರ್ಡ್ ಮಾಡಿತು, ಇನ್ನೊಬ್ಬನನ್ನು ನಾಯಕನಾಗಲು ಬಿಡಲಿಲ್ಲ. ಇಂಗ್ಲೆಂಡಿನ ಬಿರುದಿನ ಪದ್ಧತಿಯನ್ನು ನಾವು ದೂರದಿಂದ ವಿಚಿತ್ರವೆಂದು ನೋಡುವ ಹಾಗಿಲ್ಲ. ಅದರ ಬೇರು ನಮಗೆ ಚೆನ್ನಾಗಿ ಪರಿಚಯವಿರುವಂಥದ್ದೇ.

ಬೆಲ್ಮಾಂಟಿನ ಜಮೀನಿನಲ್ಲಿ ಜನರಲ್ ಹ್ಯಾರಿಸ್ ಕಟ್ಟಿಸಿದ ಒಂದು ಪುಟ್ಟ ಗೋಪುರವಿದೆ. ಸುತ್ತಲ ನೋಟ ಸವಿಯಲೆಂದು ಕಟ್ಟಿಸಿದ್ದು. ಆತನ ಮರಿಮಗ, ಕ್ರಿಕೆಟಿಗ ಲಾರ್ಡ್ ಹ್ಯಾರಿಸ್, ಅದರ ಮುಂದೆ ಪಿಚ್ ಮಾಡಿಸಿ, ಗೋಪುರವನ್ನೇ ಆಟಗಾರರ ಪೆವಿಲಿಯನ್ ಆಗಿ ಬಳಸಿದ. ಈಗ ಅದು ಪ್ರವಾಸಿಗರು ಬಾಡಿಗೆಗೆ ಉಳಿಯುವ ಜಾಗ. ಮನೆಯ ಒಳಗೆ ಹೋದರೆ ಐದನೆಯ ಬ್ಯಾರನ್ ಕಾಣುತ್ತಾನೆ. 1932ರಿಂದ 1984ರವರೆಗೆ, ಅರ್ಧ ಶತಮಾನ ಬಿರುದು ಹೊತ್ತವನು. ಯುದ್ಧ, ಆಡಳಿತ, ಆಟ ಯಾವುದರಲ್ಲೂ ಹಿಂದಿನವರ ಹೆಸರು ಆತನಿಗೆ ಬರಲಿಲ್ಲ. ಆತನ ಒಲವೆಲ್ಲ ಗಡಿಯಾರಗಳ ಮೇಲೆ. 300ಕ್ಕೂ ಹೆಚ್ಚು ಹಳೆಯ ಗಡಿಯಾರಗಳನ್ನು ಕಲೆಹಾಕಿದ. ಖಾಸಗಿಯಾಗಿ ಕೂಡಿಸಿದ ಸಂಗ್ರಹಗಳಲ್ಲಿ ಅದು ಇಂಗ್ಲೆಂಡಿನ ಅತ್ಯುತ್ತಮವಾದವುಗಳಲ್ಲಿ ಒಂದು. ಇಂದು ಬೆಲ್ಮಾಂಟಿಗೆ ಜನ ಹೋಗುವುದು ಮುಖ್ಯವಾಗಿ ಆ ಗಡಿಯಾರಗಳಿಗಾಗಿ.

ಆರನೆಯ ಬ್ಯಾರನ್‌ನ ಕಾಲಕ್ಕೆ ನೇರ ಎಳೆ ಮುಗಿಯಿತು. 1995ರಲ್ಲಿ ಆತ ಗಂಡುಮಕ್ಕಳಿಲ್ಲದೆ ತೀರಿಕೊಂಡಾಗ, ಜನರಲ್ ಹ್ಯಾರಿಸ್‌ನಿಂದಲೇ ಹೊರಟ ಇನ್ನೊಂದು ಗಂಡುಕವಲನ್ನು ಹುಡುಕಬೇಕಾಯಿತು. ಬಿರುದು ದೂರದ ದಾಯಾದಿಯೊಬ್ಬರಿಗೆ ಹೋಯಿತು. ಅವರೂ ಮರುವರ್ಷವೇ ತೀರಿಕೊಂಡರು, ಎಂಟನೆಯವರು ಬಂದರು. ಆದರೆ ಬೆಲ್ಮಾಂಟ್ ಬಿರುದಿನ ಹಿಂದೆ ಹೋಗಲಿಲ್ಲ. ಮನೆ, ಗಡಿಯಾರಗಳು, ಭಾರತದಿಂದ ತಂದ ವಸ್ತುಗಳು ಎಲ್ಲವೂ ಈಗ ಒಂದು ದತ್ತಿ ಸಂಸ್ಥೆಯ ವಶದಲ್ಲಿವೆ. ಮನೆಯನ್ನು ಯಾರಿಗೆ ಬೇಕಾದರೂ ಬಿಟ್ಟುಕೊಡಬಹುದು, ಬಿರುದನ್ನಲ್ಲ. ಶ್ರೀರಂಗಪಟ್ಟಣದ ದುಡ್ಡಿನಲ್ಲಿ ಕೊಂಡ ಮನೆ ಒಂದು ಕಡೆ, ಶ್ರೀರಂಗಪಟ್ಟಣದ ಹೆಸರು ಹೊತ್ತ ಬಿರುದು ಇನ್ನೊಂದು ಕಡೆ.

ಬೇಡವೆಂದು ಬಿಡಬಹುದಲ್ಲ ಎಂದು ಕೇಳಬಹುದು. ಬಿಡಬಹುದು, ಅದೂ 1963ರ ಕಾಯ್ದೆ ಬಂದ ಮೇಲೆ. ಜನರಿಂದ ಚುನಾಯಿತನಾಗಿದ್ದ ಟೋನಿ ಬೆನ್, ತಂದೆ ಸತ್ತ ಕೂಡಲೇ ತಾನು ವೈಕೌಂಟ್ ಆದದ್ದರಿಂದ ಕಾಮನ್ಸ್ ಸಭೆಯಿಂದ ಹೊರಬೀಳಬೇಕಾಯಿತು. ಆತ ಹೋರಾಡಿ ತರಿಸಿದ ಕಾಯ್ದೆ ಅದು. ಆದರೂ ಬಿಟ್ಟುಕೊಡುವುದು ತನ್ನ ಜೀವಿತಕಾಲಕ್ಕೆ ಮಾತ್ರ. 2014ರಲ್ಲಿ ಬೆನ್ ತೀರಿಕೊಂಡಾಗ ಪದವಿ ಮಗನಿಗೆ ತಾನಾಗಿಯೇ ಬಂತು. ತಂದೆ ಐವತ್ತು ವರ್ಷ ದೂರ ಇಟ್ಟದ್ದು ಒಂದು ದಿನವೂ ಸತ್ತಿರಲಿಲ್ಲ.

ಈ ಪದ್ಧತಿ ದತ್ತು ಮಕ್ಕಳನ್ನೂ ಒಪ್ಪುವುದಿಲ್ಲ. ಮೈಸೂರಿನವರಿಗೆ ಇದು ಬಹಳ ಹತ್ತಿರದ ಮಾತು. 1799ರ ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸುವಾಗ, ಆ ಮಗುವಿನ ಒಂದು ಕೈ ಹಿಡಿದಿದ್ದವನು ಜನರಲ್ ಹ್ಯಾರಿಸ್, ಇನ್ನೊಂದು ಕೈ ಹಿಡಿದಿದ್ದವನು ನಿಜಾಮನ ಕಡೆಯ ಮೀರ್ ಆಲಂ. ಅದೇ ಮಗು ಮುದುಕನಾಗಿ, ಮಗನಿಲ್ಲದೆ, 1865ರಲ್ಲಿ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡಾಗ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಒಡಲಲ್ಲಿ ಹುಟ್ಟದ ಮಗ ರಾಜ್ಯಕ್ಕೆ ಹಕ್ಕುದಾರನಾಗಲಾರ ಎಂಬ ವಾದ ಕಲ್ಕತ್ತೆಯಲ್ಲಿ ಬಲವಾಗಿತ್ತು. ಆ ಮುದುಕ ಅರಸ ಪತ್ರದ ಮೇಲೆ ಪತ್ರ ಬರೆದು ಹೋರಾಡಿದ. 1867ರಲ್ಲಿ ಲಂಡನ್ ಒಪ್ಪಿತು, ಮರುವರ್ಷ ಅರಸ ನಿಶ್ಚಿಂತೆಯಿಂದ ಕಣ್ಣು ಮುಚ್ಚಿದ, 1881ರಲ್ಲಿ ರಾಜ್ಯ ಮರಳಿ ಬಂತು. ಆಧುನಿಕ ಮೈಸೂರು ಎಂದು ನಾವು ಹೆಮ್ಮೆಪಡುವುದೆಲ್ಲ ಆ ದತ್ತಕದ ಮೇಲೆ ನಿಂತದ್ದು. 1971ರ ಸಂವಿಧಾನ ತಿದ್ದುಪಡಿ ಅರಸರ ಮಾನ್ಯತೆ, ರಾಜಧನಗಳನ್ನು ತೆಗೆದುಹಾಕಿದ ಮೇಲೂ ಮನೆತನ ಅದೇ ದಾರಿ ಹಿಡಿಯಿತು. 2013ರಲ್ಲಿ ಶ್ರೀಕಂಠದತ್ತ ಒಡೆಯರ್ ತೀರಿಕೊಂಡಾಗ ಪ್ರಮೋದಾದೇವಿಯವರು 2015ರಲ್ಲಿ ಯದುವೀರರನ್ನು ದತ್ತು ತೆಗೆದುಕೊಂಡರು. ಒಬ್ಬ ವಿಧವೆ ವಾರಸುದಾರನನ್ನು ಆರಿಸಿದರು. ಬೆಲ್ಮಾಂಟಿನ ಬ್ಯಾರನ್‌ಗಳ ಮನೆಯಲ್ಲಿ ಅದು ಸಾಧ್ಯವೇ ಇಲ್ಲ. ನನ್ನ ಮಟ್ಟಿಗೆ ಮೈಸೂರಿನ ದಾರಿಯಲ್ಲಿ ಹೆಚ್ಚು ಮನುಷ್ಯತ್ವ ಕಾಣುತ್ತದೆ.

1999ರಲ್ಲಿ, ಶ್ರೀರಂಗಪಟ್ಟಣ ಬಿದ್ದು ಸರಿಯಾಗಿ ಇನ್ನೂರು ವರ್ಷಕ್ಕೆ, ಬ್ರಿಟನ್ನಿನ ಹೊಸ ಕಾಯ್ದೆ ವಂಶಪಾರಂಪರ್ಯದ ಲಾರ್ಡ್‌ಗಳಲ್ಲಿ 92 ಜನರನ್ನು ಬಿಟ್ಟು ಉಳಿದವರ ಸಭಾ ಸದಸ್ಯತ್ವವನ್ನು ಕೊನೆಗಾಣಿಸಿತು. ಆ 92 ಸ್ಥಾನಗಳನ್ನೂ ತೆಗೆಯುವ ಮಸೂದೆ 2024ರಲ್ಲಿ ಬಂತು. ಬಿರುದುಗಳನ್ನು ಮಾತ್ರ ಯಾರೂ ಮುಟ್ಟಿಲ್ಲ. ಸಿಂಹಾಸನದ ವಿಷಯದಲ್ಲಿ 2013ರ ಕಾಯ್ದೆ ಹೆಣ್ಣು ಗಂಡು ಭೇದವನ್ನು ತೆಗೆದರೂ, ಬ್ಯಾರನ್, ಅರ್ಲ್, ಡ್ಯೂಕ್ ಪದವಿಗಳಲ್ಲಿ ಹಿರಿಯ ಮಗಳು ಇಂದಿಗೂ ಕಿರಿಯ ತಮ್ಮನ ಹಿಂದೆಯೇ.

ಶ್ರೀರಂಗಪಟ್ಟಣದ ಕೋಟೆಯಲ್ಲಿ, ಅಂದು ಒಡೆದ ಗೋಡೆಯ ಹತ್ತಿರ, 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಕಲ್ಲಿನ ಕಂಬವಿದೆ. ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ಹೆಸರುಗಳು ಅದರ ಮೇಲಿವೆ. ಅದರ ಪಕ್ಕದಲ್ಲಿ ಇನ್ನೊಂದು ಫಲಕ ಬೇಕು, ಕನ್ನಡದಲ್ಲಿ. ಈ ಊರಿನ ಹೆಸರು 1815ರಿಂದ ಇಂಗ್ಲೆಂಡಿನ ಒಂದು ಮನೆತನದ ಬಿರುದಿನಲ್ಲಿದೆ ಎಂದು ಅದರಲ್ಲಿ ಬರೆಯಬೇಕು. ಅದನ್ನು ಗಳಿಸಿಕೊಟ್ಟ ಗೆಲುವಿನಲ್ಲಿ ಜನರಲ್‌ಗೆ 1,43,000 ಪೌಂಡ್, ಸಿಪಾಯಿಗೆ 5 ಪೌಂಡ್ ಸಿಕ್ಕಿತೆಂದೂ ಬರೆಯಬೇಕು. ಬತೇರಿ, ಗುಂಬಜ್, ದರಿಯಾ ದೌಲತ್ ನೋಡಲು ಬರುವ ಶಾಲೆಯ ಮಕ್ಕಳು ಅದನ್ನು ಓದಿ ಮೇಷ್ಟರನ್ನು ಪ್ರಶ್ನೆ ಕೇಳಲಿ.